ಮಿಲ್ಲಿನಾಕೆ ಒತ್ತದ ಬಟನ್

2024ರ ಜೂನ್ ತಿಂಗಳ ಮೊದಲ ಸೋಮವಾರ, ಹಳೇಬೀಡಿನಲ್ಲಿ ಹಿಟ್ಟಿನ ಮಿಲ್ಲು ನಡೆಸುವ ಒಬ್ಬ ಹೆಂಗಸಿನ ಬ್ಯಾಂಕ್ ಖಾತೆಯಿಂದ ಮುನ್ನೂರ ತೊಂಬತ್ತೊಂಬತ್ತು ರೂಪಾಯಿ ಕಡಿತವಾಯಿತು. ಮಕ್ಕಳಿಗೆ ಮೊಬೈಲಿನಲ್ಲಿ ಇಂಗ್ಲಿಷ್ ಕಲಿಸುವ ಕಂಪನಿಯೊಂದರ ತಿಂಗಳ ಚಂದಾ ಅದು. ಆ ಪಾಠವನ್ನು ಆಕೆ ಮಾರ್ಚ್‌ನಲ್ಲೇ ನಿಲ್ಲಿಸಿದ್ದಳು, ಅಥವಾ ನಿಲ್ಲಿಸಿದ್ದೇನೆಂದು ತಿಳಿದಿದ್ದಳು.

ಮಾರನೆಯ ದಿನ ಮಿಲ್ಲಿನ ಕರೆಂಟ್ ಬಿಲ್ ಕಟ್ಟಲು ಹೋದಾಗ ಖಾತೆಯಲ್ಲಿ ಹಣ ಸಾಲದೆ ವಿಷಯ ಗೊತ್ತಾಯಿತು. ರಾಗಿ ಬೀಸಿಸಲು ಬಂದಿದ್ದ ನಾಲ್ಕಾರು ಹೆಂಗಸರ ಮುಂದೆ ಆಕೆ ಹೇಳಿದ ಮಾತು ಇಷ್ಟು: "ಟೀಚರ್‌ಗೆ ಕಮಿಷನ್ ಬತ್ತೈತೆ. ಇಲ್ದಿದ್ರೆ ಸಂಘದೋರಿಗೆಲ್ಲ ಯಾಕೆ ಸೇರ್ಕಳಿ ಸೇರ್ಕಳಿ ಅಂತಿದ್ರು?"

ಆ ಟೀಚರ್ ನನ್ನ ಅಕ್ಕ.

ಅಕ್ಕ ಅರೇಹಳ್ಳಿಯಲ್ಲಿ ಕೆಲಸಕ್ಕೆ ಸೇರಿ, ಹುಲಿಕೆರೆಯ ಶಾಲೆಯಲ್ಲಿ ಬಹಳ ವರ್ಷ ಇದ್ದು, ಹಳೇಬೀಡಿನಲ್ಲಿ ನಿವೃತ್ತಳಾದವಳು. ಮನೆಯನ್ನೂ ಅಲ್ಲೇ ಕಟ್ಟಿಕೊಂಡಳು. ಬೀದಿಯ ಮಕ್ಕಳಿಗೆ ಸಂಜೆ ಜಗಲಿಯ ಮೇಲೆ ಓದು ಹೇಳಿಕೊಡುತ್ತಾಳೆ. ಅರ್ಜಿ ಬರೆಯುವುದಿದ್ದರೆ, ಬ್ಯಾಂಕಿನಿಂದ ಬಂದ ಕಾಗದ ಓದಿಸುವುದಿದ್ದರೆ, ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕೆಂದು ಕೇಳುವುದಿದ್ದರೆ ಸುತ್ತಲಿನವರು ಅವಳಲ್ಲಿಗೇ ಬರುತ್ತಾರೆ. ಮಹಿಳಾ ಸಂಘದವರು ಅವಳು ಹೇಳಿದರೆ ಎರಡನೆಯ ಸಲ ಕೇಳುತ್ತಿರಲಿಲ್ಲ.

ನಾನು ಅರಸೀಕೆರೆಯಲ್ಲಿದ್ದೇನೆ. ಪತ್ರಿಕೆಯೊಂದರಲ್ಲಿ ಜಿಲ್ಲಾ ಪುಟದ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಸಂಜೆ ಅಕ್ಕನ ಫೋನ್ ಬಂತು.

"ನಾನು ದುಡ್ಡು ತಿಂದಿದೀನಂತೆ ಕಣೇ."

"ಯಾರು ಹೇಳಿದ್ದು?"

"ಮಿಲ್ಲಿನೋಳು. ನನ್ನ ಮುಖಕ್ಕೆ ಹೇಳಿಲ್ಲ. ಮಿಲ್ಲು ಓಡುವಾಗ ಕೂಗಿ ಹೇಳಿದಾಳೆ, ಬಸ್ ಸ್ಟ್ಯಾಂಡ್‌ವರೆಗೂ ಹೋಗಿದೆ."

"ಬಂದಿದೆಯಾ ನಿನಗೆ ದುಡ್ಡು?"

"ನೀನೂ ಕೇಳ್ತೀಯಾ?"

"ಮೊದಲ ಪ್ರಶ್ನೆ ಅದೇ ಅಲ್ವಾ ಅಕ್ಕ. ಯಾರೇ ಆದರೂ ಕೇಳೋದು ಅದನ್ನೇ."

"ಒಂದು ಪೈಸೆ ಬಂದಿಲ್ಲ. ಇನ್ನೊಂದು ಕೇಳು. ಅದೇ ಪಾಠಕ್ಕೆ ನಾನೂ ಸೇರಿದೀನಿ, ಮಕ್ಕಳಿಗೆ ತೋರಿಸೋಕೆ ಅಂತ. ನನ್ನ ಖಾತೆಯಿಂದ ಏನೂ ಹೋಗಿಲ್ಲ. ಅವಳದ್ದು ಮಾತ್ರ ಹೇಗೆ ಹೋಗುತ್ತೆ? ಬೇರೆ ಏನಕ್ಕೋ ಹೋಗಿರಬೇಕು. ಫೋನ್ ನೋಡೋಕೆ ಬರಲ್ಲ, ನನ್ನ ಮೇಲೆ ಹಾಕ್ತಾಳೆ."

ಮಾರನೆಯ ಬೆಳಿಗ್ಗೆ ಜಾವಗಲ್ ಮೇಲೆ ಹೋಗುವ ಬಸ್ ಹತ್ತಿದೆ. ನಾನು ಹೋಗುವ ಹೊತ್ತಿಗೆ ಅಕ್ಕ ಫೋನು, ಪಾಸ್‌ಬುಕ್ಕು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಕಾಫಿಯನ್ನೂ ಕೊಡದೆ ನೇರ ಮಿಲ್ಲಿಗೆ ಕರೆದುಕೊಂಡು ಹೋದಳು.

ಮಿಲ್ಲಿನಾಕೆ ಮೂವತ್ತೈದರ ಆಸುಪಾಸಿನವಳು. ಹುಬ್ಬಿನ ಮೇಲೆ ಸದಾ ಹಿಟ್ಟು. ಐದನೇ ತರಗತಿ ಓದುವ ಮಗಳಿದ್ದಾಳೆ. ನನ್ನನ್ನು ನೋಡಿ ಮೋಟಾರು ನಿಲ್ಲಿಸದೆಯೇ ಕೂಗಿದಳು.

"ಬನ್ನಿ ಬನ್ನಿ, ಪೇಪರ್‌ನೋರೂ ಬಂದ್ರು. ನಾಳೆ ನನ್ ಫೋಟೋ ಬತ್ತದಾ?"

"ನಿವೃತ್ತಿ ಆಗಿದೆ ಕಣಮ್ಮ. ಬರಲ್ಲ."

"ಹಂಗಾರೆ ಧೈರ್ಯವಾಗಿ ಮಾತಾಡ್ಬೋದು."

ಅವಳ ಫೋನ್ ಇಸಿದುಕೊಂಡು ಬ್ಯಾಂಕಿನ ಸಂದೇಶಗಳನ್ನು ನೋಡಿದೆ. ಜನವರಿ ಕೊನೆಯಲ್ಲಿ ಒಂದು ರೂಪಾಯಿ. ಮೊದಲ ತಿಂಗಳ ಪಾಠಕ್ಕೆ ಒಂದೇ ರೂಪಾಯಿ ಎಂದು ಕಂಪನಿ ಜಾಹೀರಾತು ಕೊಟ್ಟಿತ್ತು. ಆ ಒಂದು ರೂಪಾಯಿಗೆ ಪಿನ್ ಒತ್ತಿದಾಗಲೇ ಮುಂದಿನ ತಿಂಗಳುಗಳ ಹಣ ಕೇಳದೆ ತೆಗೆದುಕೊಳ್ಳಲು ಒಪ್ಪಿಗೆಯನ್ನೂ ಕೊಟ್ಟಂತಾಗಿತ್ತು. ಆಮೇಲೆ ಮಾರ್ಚ್, ಏಪ್ರಿಲ್, ಮೇ, ಜೂನ್. ಪ್ರತಿ ಸಲವೂ ಹಿಂದಿನ ದಿನ ಒಂದು ಮುನ್ಸೂಚನೆ ಬಂದಿತ್ತು, ಇಂಗ್ಲಿಷಿನಲ್ಲಿ, ರೀಚಾರ್ಜ್ ಮತ್ತು ಸಾಲದ ಜಾಹೀರಾತುಗಳ ನಡುವೆ. ಅಕ್ಕನಿಗೆ ತೋರಿಸಿದೆ. ಬೇರೆ ಏನಕ್ಕೂ ಹೋಗಿರಲಿಲ್ಲ.

"ನಿಲ್ಲಿಸಿದೆ ಅಂದ್ಯಲ್ಲ, ಹೇಗೆ ನಿಲ್ಲಿಸಿದೆ?" ಎಂದು ಅಕ್ಕ ಕೇಳಿದಳು.

"ಆ್ಯಪ್ಪೇ ಕಿತ್ತಾಕ್ದೆ. ಹೂವಿನ ವರ್ತನೆ ಬ್ಯಾಡ ಅಂದ್ರೆ ಗೇಟಿಂದ ಚೀಲ ಒಳಕ್ಕೆ ತಗಳಲ್ವಾ? ಚೀಲ ಇಲ್ದಿದ್ ಮನೆಗೆ ಹೂವಿನೋಳು ಹೂ ಹಾಕ್ತಾಳಾ? ಹಾಕ್ದೆ ದುಡ್ಡು ಕೇಳ್ತಾಳಾ?"

ಅಕ್ಕನ ಬೀದಿಯಲ್ಲಿ ಹೂವು, ಹಾಲು, ಮೊಸರು ಎಲ್ಲ ಹೀಗೇ ನಡೆಯುತ್ತದೆ. ದಿನವೂ ತಪ್ಪದೆ ಹಾಕಿಸಿಕೊಳ್ಳುವುದಕ್ಕೆ ವರ್ತನೆ ಎನ್ನುತ್ತಾರೆ. ಗೇಟಿಗೆ ಚೀಲ ತೂಗುಹಾಕಿದ್ದರೆ ಬೇಕು, ಇಲ್ಲದಿದ್ದರೆ ಬೇಡ. ಸಂಘದ ಉಳಿದ ಹೆಂಗಸರೂ ಆ್ಯಪ್ ಅಳಿಸಿ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದರೆಂದು ಆಮೇಲೆ ತಿಳಿಯಿತು.

"ಒಳಗಡೆ ನಿಲ್ಲಿಸೋ ಬಟನ್ ಇರುತ್ತಲ್ಲ, ಅದನ್ನ ನೋಡಲಿಲ್ವಾ?"

"ನೋಡ್ದೆ ಟೀಚರ್. ಅಲ್ಲೋಗು ಇಲ್ಲೋಗು ಅಂತ ಸುತ್ತಾಡ್ಸಿ ಕೊನೆಗೆ ತೋರಿಸ್ತು. ಒತ್ತಕ್ಕಾಗ್ಲಿಲ್ಲ."

"ಕೆಲಸ ಮಾಡಲಿಲ್ವಾ ಅದು?"

"ಅದು ಮಾಡ್ತಿತ್ತು. ನನ್ ಕೈ ಮಾಡ್ಲಿಲ್ಲ."

ಬಟನ್ ಮೇಲೆ ಏನಿತ್ತು ಎಂದು ಕೇಳಿದರೆ ಹೇಳಲೊಪ್ಪಲಿಲ್ಲ. ಅಕ್ಕ ಗದರಿದಳು. ಆಗ ನನ್ನನ್ನು ಮೋಟಾರಿನ ಹತ್ತಿರ ಎಳೆದುಕೊಂಡು ಹೋಗಿ, ಆ ಸದ್ದಿನಲ್ಲಿ ಕಿವಿಗೆ ಬಾಯಿಟ್ಟು ಒಂದೇ ಸಲ ಹೇಳಿದಳು. ಹೇಳಿದ ಕೂಡಲೇ "ಬಿಡ್ತು, ಬಿಡ್ತು" ಎಂದು ಎರಡೂ ಕೆನ್ನೆ ಮುಟ್ಟಿಕೊಂಡಳು.

ಮಾರ್ಚ್‌ನಲ್ಲಿ ಅವಳು ಕಂಡ ಪರದೆಯ ಮೇಲೆ ಎರಡು ಬಟನ್ ಇದ್ದವು. ಮೇಲಿನದು ದೊಡ್ಡದು, ಹಸಿರು: "ಹೌದು, ಪಾಠ ಮುಂದುವರಿಯಲಿ." ಕೆಳಗಿನದು ಸಣ್ಣದು, ಬೂದು ಬಣ್ಣ: "ಬೇಡ, ನನ್ನ ಮಗು ಹಿಂದುಳಿದರೂ ಪರವಾಗಿಲ್ಲ." ಚಂದಾ ನಿಲ್ಲಿಸಬೇಕಾದರೆ ಈ ಎರಡನೆಯದನ್ನು ಒತ್ತಬೇಕಿತ್ತು.

ಅಶುಭದ ಮಾತು ಬಾಯಿಂದ ಬಂದರೆ ನಮ್ಮಲ್ಲಿ ಎದುರಿಗಿದ್ದವರು "ಬಿಡ್ತು ಅನ್ನು" ಎನ್ನುತ್ತಾರೆ. ಅಂದರೆ ಆ ಮಾತು ಅಲ್ಲಿಗೆ ಕಳಚಿತು. ಬಟನ್ನಿಗೆ ಹಾಗೆ ಹೇಳಲು ಬರುವುದಿಲ್ಲ. ಒತ್ತಿದರೆ ತಾನೇ ಆ ಮಾತು ಆಡಿದಂತೆ ಎಂದು ಅವಳು ತಿಳಿದಳು. ಒತ್ತದೆ ಆ್ಯಪನ್ನೇ ಅಳಿಸಿದಳು.

ಮೋಟಾರಿನ ಹತ್ತಿರದಿಂದ ಬಂದ ಮೇಲೆ ಅವಳು ಅಕ್ಕನ ಕಡೆ ತಿರುಗಿ ಇನ್ನೊಂದು ಮಾತು ಹೇಳಿದಳು. "ನೀವೂ ಅದೇ ಹೇಳಿದ್ರಿ ಟೀಚರ್. ಮಗು ಓದೋದ್ರಲ್ಲಿ ವಸಿ ಹಿಂದೆ ಅವಳೆ, ಇದಕ್ಕೆ ಸೇರ್ಸು ಅಂತ. ನಮ್ಮುಡುಗಿ ಹಿಂದೆ ಅವಳೆ ಅಂತ ಆ ಮೊಬೈಲ್‌ಗೆ ಯಾರ್ ಹೇಳಿದ್ರು? ನೀವು ಅವರ ಕಡೆಯೋರೇ ಇರ್ಬೇಕು ಅನ್ಕಂಡೆ."

ಮನೆಗೆ ಬಂದು ಜಗಲಿಯ ಮೇಲೆ ಕುಳಿತು ಅಕ್ಕನ ಫೋನಿನಲ್ಲಿ ಅದೇ ಆ್ಯಪ್ ತೆರೆದೆವು. ಆ ಬಟನ್ನಿನ ಚಿತ್ರ ತೆಗೆದುಕೊಂಡರೆ ಸಾಕ್ಷಿಯಾಗುತ್ತದೆ ಎಂಬುದು ನನ್ನ ಯೋಚನೆ. ಸುತ್ತಿ ಸುತ್ತಿ ಕೊನೆಯ ಪರದೆ ಮುಟ್ಟಿದೆವು. ಅಲ್ಲಿ ಈಗ ಬರೀ "ರದ್ದು ಮಾಡಿ" ಎಂದಿತ್ತು. ಮಿಲ್ಲಿನಾಕೆ ಹೇಳಿದ ವಾಕ್ಯ ಇರಲಿಲ್ಲ.

ಅದರ ಮೇಲೆಯೇ, ನನ್ನ ಯೋಜನೆ ಎಂಬ ಭಾಗದಲ್ಲಿ, ಬೇರೊಂದು ಸಾಲಿತ್ತು. "ಅಭಿನಂದನೆಗಳು! ನಿಮ್ಮ ಒಂಬತ್ತು ಸ್ನೇಹಿತರು ಸೇರಿದ್ದಾರೆ. ನಿಮಗೆ ಒಂಬತ್ತು ತಿಂಗಳು ಉಚಿತ."

ಜನವರಿಯಲ್ಲಿ ಅಕ್ಕ ಆ್ಯಪಿನ ಲಿಂಕನ್ನು ಸಂಘದ ಮೊಬೈಲ್ ಗ್ರೂಪಿಗೆ ಕಳಿಸಿದ್ದಳು. ಆ ಲಿಂಕಿಗೆ ಅವಳ ಗುರುತು ಅಂಟಿಕೊಂಡಿತ್ತು. ಒಬ್ಬೊಬ್ಬರು ಸೇರಿದಾಗಲೂ ಅವಳ ಲೆಕ್ಕಕ್ಕೆ ಒಂದು ತಿಂಗಳು ಜಮೆಯಾಗಿದೆ. ಅವಳ ಖಾತೆಯಿಂದ ಹಣ ಹೋಗದಿರಲು ಅದೇ ಕಾರಣ. ಮಿಲ್ಲಿನಾಕೆಯ ಹಣ ಪಾಠಕ್ಕೇ ಹೋಗಿದೆ ಎಂಬುದನ್ನು ಅವಳು ನಂಬದಿರಲೂ ಅದೇ ಕಾರಣ.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಓದಿದಳು.

"ಹಾಗಾದರೆ ಬಂದಿದೆ," ಎಂದಳು.

"ದುಡ್ಡು ಬಂದಿಲ್ಲವಲ್ಲ ಅಕ್ಕ."

"ದುಡ್ಡು ಕೊಡೋ ಕಡೆ ಕೊಡದೇ ಉಳಿದಿದ್ದು ಬಂದ ಹಾಗೇ ಅಲ್ವೇನೇ? ಮಕ್ಕಳಿಗೆ ಮೂರನೇ ಕ್ಲಾಸಲ್ಲೇ ಹೇಳ್ಕೊಟ್ಟಿದೀನಿ ಈ ಲೆಕ್ಕ."

ಎದ್ದಳು. ಈಗಲೇ ಬೇಡ, ಮೊದಲು ಕಂಪನಿಯನ್ನು ಕೇಳೋಣ ಎಂದೆ. ಚಪ್ಪಲಿ ಮೆಟ್ಟಿ ನಡೆದಾಗಿತ್ತು. ಮಿಲ್ಲಿನಲ್ಲಿ ಆಗ ರಾಗಿ ತಂದವರು ನಾಲ್ಕು ಜನ ಇದ್ದರು. ಅವರೆಲ್ಲರ ಮುಂದೆ ಅಕ್ಕ ಫೋನ್ ತೋರಿಸಿ, ತನಗೆ ಬಿಟ್ಟಿ ತಿಂಗಳು ಸಿಕ್ಕಿದೆ, ಅದು ಅವರೆಲ್ಲ ಸೇರಿದ್ದಕ್ಕೆ ಸಿಕ್ಕಿದ್ದು, ತನಗೆ ಈವರೆಗೆ ತಿಳಿದಿರಲಿಲ್ಲ ಎಂದಳು.

ಮಿಲ್ಲಿನಾಕೆ ಜರಡಿ ಕೆಳಗಿಟ್ಟಳು. "ಹಂಗಾರೆ ನಾನ್ ಅಂದಿದ್ದು ಸುಳ್ಳಲ್ಲ."

"ಸುಳ್ಳಲ್ಲ. ಆದರೆ ಗೊತ್ತಿದ್ದು ಮಾಡಿದ್ದಲ್ಲ."

"ಅದ್ ನಿಮ್ಗೆ ಗೊತ್ತು ಟೀಚರ್. ನಮ್ಗೆ ಹೆಂಗ್ ಗೊತ್ತಾಗ್ಬೇಕು?"

ವಾಪಸು ಬರುವಾಗ ಅಕ್ಕ ಹೇಳಿದ್ದು ಒಂದೇ ಮಾತು: "ಅವಳು ಕೇಳಿದ್ದು ಸರಿಯಾಗಿದೆ. ಗೊತ್ತಾಗೋ ಹಾಗೆ ಮಾಡ್ತೀನಿ."

ಹಣ ಹೋಗುವುದನ್ನು ನಿಲ್ಲಿಸುವುದು ಸುಲಭದ ಕೆಲಸ. ಮರುದಿನ ಸಂಘದವರನ್ನೆಲ್ಲ ಜಗಲಿಗೆ ಕರೆಸಿದಳು. ಹಣ ಕಳಿಸುವ ಆ್ಯಪಿನಲ್ಲಿಯೇ ಆಟೊಪೇ ಎಂಬ ಜಾಗವಿದೆ. ಯಾರು ಯಾರಿಗೆ ಹಣ ತೆಗೆದುಕೊಳ್ಳಲು ಒಪ್ಪಿಗೆ ಕೊಟ್ಟಿದ್ದೇವೆ ಎಂಬುದು ಅಲ್ಲಿ ಕಾಣುತ್ತದೆ, ಅಲ್ಲೇ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಕಂಪನಿಯನ್ನು ಕೇಳಬೇಕಾಗಿಲ್ಲ. ಹುಲಿಕೆರೆಯಿಂದ ಬಂದಿದ್ದ ಒಬ್ಬಾಕೆಯ ಫೋನಿನಲ್ಲಿ ಇಂಗ್ಲಿಷ್ ಪಾಠದ ಜೊತೆಗೆ ಒಂದು ಜ್ಯೋತಿಷ್ಯದ ಆ್ಯಪೂ ತಿಂಗಳು ತಿಂಗಳು ಹಣ ಎಳೆಯುತ್ತಿತ್ತು.

"ದಿನಾ ಬೆಳಿಗ್ಗೆ ನಿಮಗೆ ಧನಲಾಭ ಐತೆ ಅಂತ ಬತ್ತಿತ್ತು," ಎಂದಳು ಆಕೆ. "ಲಾಭ ಯಾರಿಗೆ ಅಂತ ಈಗ ಗೊತ್ತಾಯ್ತು."

ಮಿಲ್ಲಿನಾಕೆಯೂ ಬಂದಿದ್ದಳು. ಎಲ್ಲರೂ ನಕ್ಕರು, ಅವಳು ನಗಲಿಲ್ಲ. ತನ್ನ ಫೋನಿನ ಕೆಲಸ ಮುಗಿದ ಮೇಲೆ ಎದ್ದು ಹೋದಳು.

ನನ್ನ ಕೆಲಸ ನಿಯಮಗಳನ್ನು ಹುಡುಕಿ ಕೊಡುವುದಾಗಿತ್ತು. ಗ್ರಾಹಕರ ರಕ್ಷಣೆಗೆ 2019ರ ಕಾಯ್ದೆ ಇದೆ. ಅದರ ಅಡಿಯಲ್ಲಿ 2023ರ ಕೊನೆಯಲ್ಲಿ ಕೇಂದ್ರ ಸರ್ಕಾರದ ಕಡೆಯಿಂದ ಮಾರ್ಗಸೂಚಿಯೊಂದು ಹೊರಟಿತು. ಆ್ಯಪುಗಳಲ್ಲಿ, ಜಾಲತಾಣಗಳಲ್ಲಿ ಜನರನ್ನು ಏಮಾರಿಸುವ ಹದಿಮೂರು ಬಗೆಯ ವಿನ್ಯಾಸಗಳನ್ನು ಅದು ಹೆಸರಿಸಿ ನಿಷೇಧಿಸಿದೆ. ಚಂದಾದಾರರಾದ ಮೇಲೆ ಬಿಡಿಸಿಕೊಳ್ಳುವ ದಾರಿಯನ್ನು ಅಡಗಿಸುವುದು, ಸುತ್ತಾಡಿಸುವುದು, ಬಿಟ್ಟಿ ಎಂದು ಹೇಳಿ ಹಣದ ಒಪ್ಪಿಗೆ ಕೇಳುವುದು ಅದರಲ್ಲಿ ಒಂದು. ಬೇಡ ಎನ್ನುವವರಿಗೆ ನಾಚಿಕೆಯೋ ಭಯವೋ ಆಗುವಂತೆ ಮಾತು ಹೆಣೆಯುವುದು ಇನ್ನೊಂದು. ಅಕ್ಕ ಅದನ್ನು ಓದಿಕೊಂಡು ಕೆಂಪು ಪೆನ್ಸಿಲ್‌ನಿಂದ ಎರಡನೆಯದಕ್ಕೆ ಗೆರೆ ಎಳೆದಳು. ಉತ್ತರಪತ್ರಿಕೆ ತಿದ್ದುವ ಪೆನ್ಸಿಲ್ ಅವಳ ಮನೆಯಲ್ಲಿ ಇನ್ನೂ ಇದೆ.

"ಬಟನ್ನಿನ ವಿಷಯ ಇದು," ಎಂದಳು.

"ಅದೇ. ಆದರೆ ಆ ಬಟನ್ ಈಗ ಇಲ್ಲ. ನೋಡಿದವಳು ಅವಳೊಬ್ಬಳು."

ಕಂಪನಿಗೆ ಅಕ್ಕ ಫೋನ್ ಮಾಡಿದ್ದು ಅರಸೀಕೆರೆಗೆ ಬಂದಿದ್ದಾಗ, ನಮ್ಮ ಮನೆಯ ಹಜಾರದಲ್ಲಿ ಕುಳಿತು. ಸ್ಪೀಕರ್ ಹಾಕಿದ್ದಳು. ಮಾತಾಡಿದ ಯುವತಿಯ ಕನ್ನಡ ಬಹಳ ವಿನಯದ್ದು.

"ಮೇಡಂ, ಆ್ಯಪ್ ಅಳಿಸಿದರೆ ಚಂದಾ ರದ್ದಾಗೋದಿಲ್ಲ. ಷರತ್ತುಗಳಲ್ಲಿ ಅದನ್ನ ತಿಳಿಸಿದೀವಿ."

"ಷರತ್ತು ಯಾವ ಭಾಷೆಯಲ್ಲಿದೆಯಮ್ಮ?"

"ಇಂಗ್ಲಿಷ್, ಮೇಡಂ."

"ಜಾಹೀರಾತು?"

"ಕನ್ನಡ, ಮೇಡಂ."

"ಸೇರಿಸಿಕೊಳ್ಳುವಾಗ ಕನ್ನಡ ಬರುತ್ತೆ, ಬಿಡುವಾಗ ಮರೆತುಹೋಗುತ್ತಾ?"

"ನಿಮ್ಮ ಅಭಿಪ್ರಾಯ ನಮೂದಿಸಿಕೊಂಡಿದೀನಿ ಮೇಡಂ."

ಕೆಲವು ದಿನಗಳ ಮೇಲೆ ಕಂಪನಿಯಿಂದ ಪತ್ರ ಬಂತು. ಸೌಹಾರ್ದಕ್ಕಾಗಿ ಎಲ್ಲರ ಹಣ ವಾಪಸು ಕೊಡುತ್ತೇವೆ, ದೂರು ಮುಂದುವರಿಸಬೇಡಿ ಎಂದಿತ್ತು. ಅಕ್ಕ ಎರಡು ವಿಷಯ ಕೇಳಿ ಬರೆದಳು. ಆ ಬಟನ್ ಇತ್ತೆಂದು ಒಪ್ಪಿಕೊಳ್ಳಬೇಕು. ತನಗೆ ಸಿಕ್ಕ ಬಿಟ್ಟಿ ತಿಂಗಳುಗಳು ತಾನು ಕೇಳದೆ, ತನಗೆ ತಿಳಿಸದೆ ಕೊಟ್ಟದ್ದೆಂದು ಬರೆದುಕೊಡಬೇಕು. ಕಂಪನಿ ಎರಡಕ್ಕೂ ಉತ್ತರಿಸಲಿಲ್ಲ. ಹಣ ಮಾತ್ರ ಎಲ್ಲರ ಖಾತೆಗೆ ಬಂತು.

ಅಲ್ಲಿಗೆ ಸಂಘದವರು ಹಿಂದೆ ಸರಿದರು. "ದುಡ್ಡು ಬಂತಲ್ಲ ಟೀಚರ್, ಬಿಡಿ ಅತ್ಲಾಗೆ," ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಸಂಘದ ಸಭೆಯಲ್ಲಿ ಅಕ್ಕ ಯಾವುದೋ ಹೊಲಿಗೆ ತರಬೇತಿಯ ವಿಷಯ ಹೇಳಿದಾಗ, ಅಲ್ಲಿದ್ದವರಲ್ಲಿ ಒಬ್ಬಳು ಸಲೀಸಾಗಿ ಕೇಳಿದಳಂತೆ: "ಇದ್ರಲ್ಲಿ ನಿಮ್ಗೆಷ್ಟು ತಿಂಗಳು ಬಿಟ್ಟಿ ಟೀಚರ್?" ತಮಾಷೆಗೆ ಕೇಳಿದ್ದು. ಅಕ್ಕನೂ ನಕ್ಕಳಂತೆ. ಅಂದು ಸಂಜೆ ಫೋನ್ ಮಾಡಿ ಹಾಸನದ ಗ್ರಾಹಕರ ಆಯೋಗಕ್ಕೆ ದೂರು ಬರೆಯುವುದು ಹೇಗೆಂದು ಕೇಳಿದಳು.

ಇದನ್ನು ಸುದ್ದಿ ಮಾಡಿಸಬಾರದೇ ಎಂದು ಹಳೆಯ ಸಹೋದ್ಯೋಗಿಗಳು ನನ್ನನ್ನು ಕೇಳಿದ್ದುಂಟು. ಒಪ್ಪಲಿಲ್ಲ. ಒಡಹುಟ್ಟಿದವರ ವಿಷಯವನ್ನು ನಾನು ಪುಟಕ್ಕೆ ಹಾಕಿದವಳಲ್ಲ. ಹಾಕಿದ್ದರೂ, ಬಟನ್ ಇತ್ತೆಂಬುದಕ್ಕೆ ಎರಡನೆಯ ಮೂಲ ನನ್ನ ಹತ್ತಿರ ಇರಲಿಲ್ಲ.

ದೂರನ್ನು ಅಕ್ಕ ವಕೀಲರಿಲ್ಲದೆ ತಾನೇ ಬರೆದಳು, ಕನ್ನಡದಲ್ಲಿ. ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ನಾನು ಮಾಡಿದ್ದು ವಾಕ್ಯ ಉದ್ದವಾದ ಕಡೆ ಕಡಿದದ್ದಷ್ಟೆ. ದೂರಿನ ಎರಡನೆಯ ಪ್ಯಾರಾದಲ್ಲೇ ತನಗೆ ಒಂಬತ್ತು ತಿಂಗಳು ಉಚಿತವಾಗಿ ಜಮೆಯಾಗಿತ್ತು ಎಂದು ಬರೆದಿದ್ದಳು. ಅದು ಎದುರಿನವರಿಗೆ ಅಸ್ತ್ರವಾಗುತ್ತದೆ, ಕೊನೆಗೆ ಹಾಕು ಎಂದೆ.

"ಮಕ್ಕಳು ತಪ್ಪು ಮುಚ್ಚಿಡೋದು ಕೊನೇ ಪುಟದಲ್ಲೇ ಕಣೇ," ಎಂದಳು. ಬದಲಾಯಿಸಲಿಲ್ಲ.

ಕಂಪನಿಯ ಲಿಖಿತ ಉತ್ತರ ಬರಲು ಸಮಯ ಹಿಡಿಯಿತು. ಬಂದಾಗ ಅದರಲ್ಲಿ ಮುಖ್ಯವಾದ ಅಂಶಗಳು ಎರಡು. ದೂರುದಾರರು ಸ್ನೇಹಿತರನ್ನು ಸೇರಿಸುವ ಕಂಪನಿಯ ಯೋಜನೆಯ ಫಲಾನುಭವಿ, ತಮ್ಮ ಲಾಭಕ್ಕಾಗಿ ಇತರರನ್ನು ಸೇರಿಸಿದವರು. ದೂರಿನಲ್ಲಿ ಹೇಳಿರುವಂಥ ವಾಕ್ಯ ಕಂಪನಿಯ ಆ್ಯಪಿನಲ್ಲಿ ಎಂದೂ ಇರಲಿಲ್ಲ, ಅದು ಕಲ್ಪಿತ.

ಇನ್ನು ಉಳಿದದ್ದು ಆ ಬಟನ್ ಕಣ್ಣಾರೆ ಕಂಡೆನೆಂದು ಮಿಲ್ಲಿನಾಕೆ ಕೊಡಬೇಕಾದ ಪ್ರಮಾಣಪತ್ರ. ಅಕ್ಕ ಆಗಲೇ ಮೂರು ನಾಲ್ಕು ಸಲ ಕೇಳಿ ಆಗಿತ್ತು. ಮಗಳು ಓದಿನಲ್ಲಿ ಹಿಂದೆ ಎಂಬುದು ಕಾಗದಕ್ಕೆ ಹೋಗುವುದು ಬೇಡ ಎಂದು ಅವಳು ಪ್ರತಿ ಸಲವೂ ತಲೆಯಾಡಿಸಿದ್ದಳು. ಮಗಳ ವಿಷಯ ಬರೆಯುವುದಿಲ್ಲ, ಬಟನ್ ಒಂದೇ ಸಾಕು ಎಂದರೂ ಒಪ್ಪಿರಲಿಲ್ಲ. ಈ ಸಲ ಅಕ್ಕ ಕೇಳಲಿಲ್ಲ. ಕಂಪನಿಯ ಉತ್ತರವನ್ನು ಮಿಲ್ಲಿಗೆ ಒಯ್ದು ಓದಿ ಹೇಳಿದಳು. ನಾನೂ ಜೊತೆಯಲ್ಲಿದ್ದೆ.

"ಕಲ್ಪಿತ ಅಂದ್ರೆ?"

"ಇಲ್ಲದ್ದನ್ನ ನೀನು ಮನಸ್ಸಲ್ಲೇ ಕಟ್ಟಿಕೊಂಡು ಹೇಳಿದೆ ಅಂತ."

"ನಾನಾ?"

"ಹೂಂ. ನೋಡಿದ್ದು ನೀನೊಬ್ಬಳೇ ತಾನೇ."

ಮಿಲ್ಲಿನಾಕೆ ಹೋಗಿ ಮೋಟಾರು ನಿಲ್ಲಿಸಿದಳು. ನಾನು ಕಂಡಂತೆ ಗಿರಾಕಿಗಳಿದ್ದಾಗ ಅವಳು ಅದನ್ನು ನಿಲ್ಲಿಸಿದ್ದು ಅದೊಂದೇ ಸಲ.

"ಹೆತ್ತ ಮಗಳ ಮೇಲೆ ಅಂಥ ಮಾತ ನಾನೇ ಕಟ್ತೀನಾ ಟೀಚರ್? ಯಾವ್ ತಾಯಿ ಕಟ್ತಾಳೆ? ಎಲ್ಲಿ ಹಾಕ್ಬೇಕು ಸೈನು?"

"ಬೇಲೂರಲ್ಲಿ. ನೋಟರಿ ಮುಂದೆ."

"ನಡೀರಿ. ನಾಳೆ ಮಿಲ್ಲು ರಜ ಅಂತ ಬೋರ್ಡ್ ಬರ್ದ್‌ಕೊಡಿ ನಂಗೆ."

ಬೇಲೂರಿನಲ್ಲಿ ಕೋರ್ಟಿನ ಎದುರಿನ ಸಾಲಿನಲ್ಲಿ ಟೈಪಿಂಗ್ ಅಂಗಡಿಗಳಿವೆ. ಕಂಪ್ಯೂಟರ್ ಮುಂದೆ ಕುಳಿತ ವ್ಯಕ್ತಿ ಅವಳ ಊರು, ವಯಸ್ಸು, ಕಸುಬು ಎಲ್ಲ ಕೇಳಿ ಸರಸರ ಹೊಡೆದ. ಹಣ ಕಟ್ಟಿದ್ದು, ಕಡಿತವಾದದ್ದು, ನಿಲ್ಲಿಸಲು ಹೋದದ್ದು. ಐದು ಪ್ಯಾರಾ ಮುಗಿಯಿತು. ನೋಟರಿ ವಕೀಲರು ಪಕ್ಕದ ಕುರ್ಚಿಯಲ್ಲಿ ಕಾಯುತ್ತಿದ್ದರು.

"ಆರನೇ ಪ್ಯಾರಾ. ಬಟನ್ ಮೇಲೆ ಏನಿತ್ತು ಹೇಳಮ್ಮ."

"ಟೀಚರ್ ಹೇಳ್ತಾರೆ."

"ಟೀಚರ್ ಹೇಳೋ ಹಾಗಿಲ್ಲ. ಪ್ರಮಾಣ ನಿಂದು."

ಅವಳು ನನ್ನ ಕಡೆ ನೋಡಿದಳು. ನನಗೆ ಗೊತ್ತಿತ್ತು, ಹೇಳುವಂತಿರಲಿಲ್ಲ.

"ಮಗು ಬಗ್ಗೆ ಕೆಟ್ಟದಾಗಿ ಇತ್ತು ಅಂತ ಹಾಕಿ."

ನೋಟರಿ ತಲೆ ಅಲ್ಲಾಡಿಸಿದರು. "ಅದು ನಿಲ್ಲಲ್ಲಮ್ಮ. ಇದ್ದ ಮಾತು ಇದ್ದ ಹಾಗೇ ಬರಬೇಕು. ಇಲ್ಲದಿದ್ದರೆ ಎದುರು ವಕೀಲರು ಕೇಳೋ ಮೊದಲ ಪ್ರಶ್ನೆಯೇ ಅದು."

"ಆಡಿದ್ದಕ್ಕಾದ್ರೆ ಬಿಡ್ತು ಅನ್ಬೋದು ಸಾರ್. ಬರ್ದಿದ್ದಕ್ಕೆ ಏನನ್ನೋದು? ಆ ಕಾಗ್ದ ಕೋರ್ಟಲ್ಲಿ ಎಷ್ಟ್ ವರ್ಷ ಇರ್ತದೋ."

"ನಾವ್ ಹೋದ್ ಮೇಲೂ ಇರುತ್ತೆ," ಎಂದ ಟೈಪಿಸ್ಟ್. ನೋಟರಿ ಅವನನ್ನು ಗುರಾಯಿಸಿದರು.

ಮನಸ್ಸಿದ್ದರೆ ಅಕ್ಕ ಅವಳನ್ನು ಒಪ್ಪಿಸಬಹುದಿತ್ತು, ಒಪ್ಪಿಸಿ ಅಭ್ಯಾಸವೂ ಇತ್ತು. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದಳು.

ಮಿಲ್ಲಿನಾಕೆ ಪರದೆಯ ಕಡೆ ಬೊಟ್ಟು ಮಾಡಿದಳು. "ಹಂಗಾರೆ ಹಾಕಿ. ಅದರ ಪಕ್ಕದಲ್ಲೇ ಬಿಡ್ತು ಅಂತಲೂ ಹಾಕಿ. ಮುಂದಿನ ಸಾಲಲ್ಲಲ್ಲ, ಪಕ್ಕದಲ್ಲೇ."

"ಪ್ರಮಾಣಪತ್ರದಲ್ಲಿ ಬಿಡ್ತು ಗಿಡ್ತು ಎಲ್ಲ ಹಾಕಲ್ಲಮ್ಮ," ಎಂದರು ನೋಟರಿ.

"ಹಂಗಾರೆ ನಾನೂ ಸೈನ್ ಹಾಕಲ್ಲ ಸಾರ್."

ಟೈಪಿಸ್ಟ್ ಇಬ್ಬರ ಮುಖವನ್ನೂ ನೋಡಿದ. ನೋಟರಿ ಕನ್ನಡಕವನ್ನು ಹಣೆಗೇರಿಸಿ ಯೋಚಿಸಿದರು. ಹಾಕಬಾರದೆಂದು ಎಲ್ಲಿಯೂ ಇಲ್ಲ ಎಂಬುದು ಅವರಿಗೆ ಹೊಳೆದಿರಬೇಕು. "ಹಾಕಪ್ಪ. ಆಕೆ ಹೇಳೋದು ಆಕೆಯ ಪ್ರಮಾಣ," ಎಂದರು.

ಆಗ ಅವಳು ವಾಕ್ಯವನ್ನು ಹೇಳಿದಳು, ಒಂದೊಂದೇ ಪದ, ಟೈಪಿಸ್ಟ್ ಹೊಡೆಯುವ ವೇಗಕ್ಕೆ ಸರಿಯಾಗಿ. ಕೊನೆಯ ಪದವನ್ನು ಅವನು ಹೊಡೆದು ಮುಗಿಸುವವರೆಗೆ ಉಸಿರು ಬಿಡಲಿಲ್ಲ.

"ಆಯ್ತಾ?" ಎಂದ ಟೈಪಿಸ್ಟ್.

"ಇನ್ನೊಂದೈತೆ. ಟೀಚರ್‌ಗೆ ಬಿಟ್ಟಿ ತಿಂಗಳು ಬಂದಿತ್ತು. ಅದನ್ನ ಅವರೇ ಮಿಲ್ಲಿಗೆ ಬಂದು ಹೇಳಿದ್ರು, ನಾಕ್ ಜನರ ಎದ್ರುಗೆ. ಹೇಳಿ ಅಂತ ನಾನ್ ಕೇಳಿರ್ಲಿಲ್ಲ." ಅಕ್ಕನ ಕಡೆ ತಿರುಗಿದಳು. "ನಾನು ಅದಕ್ಕೂ ಮುಂಚೆ ಕಮಿಷನ್ ಅಂದಿದ್ದೂ ಹಾಕ್ಬೇಕಾ ಟೀಚರ್?"

"ಅಂದಿದ್ದು ನಿಜ ತಾನೇ?"

"ನಿಜ."

"ಹಾಕ್ಸು ಮತ್ತೆ."

ಏಳನೇ ಪ್ಯಾರಾದಲ್ಲಿ ಅದೂ ಬಂತು. ಅವಳು ಸಹಿ ಹಾಕಿದಳು. ಬಸ್ ಸ್ಟ್ಯಾಂಡಿನಲ್ಲಿ ಮೂವರೂ ಕಾಫಿ ಕುಡಿದೆವು. ಹಣ ಕೊಡುವುದು ಯಾರು ಎಂಬ ಬಗ್ಗೆ ಅಕ್ಕನಿಗೂ ಅವಳಿಗೂ ಜಟಾಪಟಿಯಾಯಿತು. "ಬಿಟ್ಟಿ ಬ್ಯಾಡ ಟೀಚರ್, ಆಮೇಲೆ ಅದಕ್ಕೊಂದು ಕೇಸಾದೀತು," ಎಂದು ತನ್ನ ಲೋಟದ ದುಡ್ಡನ್ನು ತಾನೇ ಕೊಟ್ಟಳು.

ಪ್ರಮಾಣಪತ್ರವನ್ನು ಅಕ್ಕ ಹಾಸನದಲ್ಲಿ ಸಲ್ಲಿಸಿದಳು. ವಿಚಾರಣೆಯ ದಿನ ಕಂಪನಿಯ ವಕೀಲರು ವಿಡಿಯೊ ಮೂಲಕ ಹಾಜರಾದರು. ಆರನೇ ಪ್ಯಾರಾದಲ್ಲಿ ವಾಕ್ಯದ ಪಕ್ಕದಲ್ಲಿರುವ ಪದವೂ ಬಟನ್ನಿನ ಮೇಲೆ ಇತ್ತೇ ಎಂದು ಅವರು ಕೇಳಿದರು. ಇಲ್ಲ, ಅದು ಸಾಕ್ಷಿಯ ಮಾತು, ಅದರ ಹಿಂದಿನದಷ್ಟೇ ಬಟನ್ನಿನದು ಎಂದು ಅಕ್ಕ ತಿಳಿಸಿದಳು. ವಕೀಲರು ಇಂಗ್ಲಿಷ್ ಅನುವಾದ ಬೇಕೆಂದರು. ಅಕ್ಕ ಅನುವಾದ ಮಾಡಿ ಕೊಟ್ಟಳು.

2024ರ ಮಾರ್ಚ್ ತಿಂಗಳಲ್ಲಿ ಚಂದಾ ರದ್ದು ಮಾಡುವ ಪರದೆ ಹೇಗಿತ್ತೋ ಅದರ ಪ್ರತಿಯನ್ನು ಹಾಜರುಪಡಿಸಬೇಕೆಂದು ಆಯೋಗ ಕಂಪನಿಗೆ ಸೂಚಿಸಿದೆ. ಕಂಪನಿ ಎರಡು ಸಲ ಸಮಯ ಕೇಳಿದೆ. ಪ್ರತಿ ಇನ್ನೂ ಬಂದಿಲ್ಲ.